ಉಡುಗೊರೆ ಪಟ್ಟಿಯಲ್ಲಿ ಗ್ರೈಂಡರ್ ಯಾಕಿಲ್ಲ?

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ, ತಿನ್ನುವುದೆಂದರೆ ಪ್ರಾಣ ಬಿಡುವವರಿಗೆ ಏನು ಉಡುಗೊರೆ ಕೊಡಬಹುದು ಅಂತ ಒಂದು ಪಟ್ಟಿ ಹಾಕಿದ್ದೀರಿ. ಅದರಲ್ಲಿ ಮನೆಯಲ್ಲಿ ಕಾಫಿ ಮಾಡಿಕೊಳ್ಳುವ ಸಾಮಾನುಗಳೇ ಏಳು. ಏಳೂ ಫೋಟೊದಲ್ಲಿ ಫಳಫಳ ಹೊಳೆಯುತ್ತಿದ್ದವು. ಓದಿ ಪುಟ ತಿರುಗಿಸಿದೆ. ಏನೋ ಬಿಟ್ಟುಹೋಯಿತಲ್ಲ ಅನ್ನಿಸಿ ಮತ್ತೆ ಹಿಂದಕ್ಕೆ ಬಂದು ಹುಡುಕಿದೆ. ಇಲ್ಲ. ಏಳರಲ್ಲಿ ಒಂದೂ ಕಾಫಿ ಬೀಜ ಪುಡಿ ಮಾಡುವ ಗ್ರೈಂಡರ್ ಅಲ್ಲ. ಅದಕ್ಕೇ ಈ ಪತ್ರ.

ಇಂಥ ಪಟ್ಟಿಗಳನ್ನು ಕೊಡುವವರಿಗಾಗಿ ಬರೆಯುತ್ತಾರೆ. ತೆಗೆದುಕೊಂಡವರನ್ನು ಯಾರೂ ಕೇಳುವುದಿಲ್ಲ. ಕೇಳಿದರೂ ನಾವು ಬಾಯಿ ಬಿಡುವುದಿಲ್ಲ. ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು ಅನ್ನುವ ಮಾತು ಕೇಳಿಯೇ ಬೆಳೆದವರು ನಾವು. ಆದರೆ ಹನ್ನೊಂದು ವರ್ಷದಲ್ಲಿ ನಮ್ಮ ಮನೆಗೆ ಇಂಥ ಆರು ಎಮ್ಮೆಗಳು ಬಂದಿವೆ. ಇವತ್ತು ಹಲ್ಲು ಎಣಿಸಿಯೇ ಬಿಡುತ್ತೇನೆ.

ಮೊದಲು ನಾನು ಯಾರು ಅಂತ ಹೇಳಿಬಿಡುತ್ತೇನೆ. ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿ 31 ವರ್ಷ ಸಹಾಯಕಿಯಾಗಿದ್ದೆ. ಬ್ಯುರೆಟ್ಟು, ಪಿಪೆಟ್ಟು, ಫ್ಲಾಸ್ಕುಗಳನ್ನು ತೊಳೆದು, ದ್ರಾವಣಗಳನ್ನು ತೂಗಿ ಅಳೆದು ಬೆರೆಸಿಟ್ಟು, ಮಕ್ಕಳು ಒಡೆದ ಗಾಜು ಗುಡಿಸಿ ನಿವೃತ್ತಳಾದೆ. ಅಡುಗೆ ಮಾಡುವುದು, ತಿನ್ನುವುದು ಎರಡೂ ನನಗೆ ಹುಚ್ಚು. ಕಾಫಿ ಅದರ ಮೇಲಿನ ಹುಚ್ಚು. ಮನೆಯವರು ಕಾಫಿ ಮುಟ್ಟುವುದಿಲ್ಲ. ಹಾಗಾಗಿ ನಮ್ಮಲ್ಲಿ ಕಾಫಿ ಕುಡಿಯುವವಳು ನಾನೊಬ್ಬಳೇ. ಈ ಒಂದು ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಉಡುಗೊರೆ ಕೊಟ್ಟವರು ಯಾರೂ ನೆನಪಿಟ್ಟುಕೊಂಡಿರಲಿಲ್ಲ.

ಮೊದಲು ಬಂದದ್ದು ಮೋಕಾ ಪಾಟ್. ಇಟಲಿಯ ಅಲ್ಫೊನ್ಸೊ ಬಿಯಾಲೆಟ್ಟಿ 1933ರಲ್ಲಿ ಮಾರುಕಟ್ಟೆಗೆ ತಂದ, ಎಂಟು ಮೂಲೆಯ ಅಲ್ಯೂಮಿನಿಯಂ ಪಾತ್ರೆ. ಕೆಳಗೆ ನೀರು, ನಡುವೆ ಪುಡಿ, ಒಲೆಯ ಮೇಲಿಟ್ಟರೆ ಆವಿಯ ಒತ್ತಡಕ್ಕೆ ನೀರು ಪುಡಿಯೊಳಗಿಂದ ಹಾದು ಮೇಲಿನ ಪಾತ್ರೆಗೆ ಹತ್ತುತ್ತದೆ. ಸರಳ, ಗಟ್ಟಿಮುಟ್ಟು. ನಿಜ ಹೇಳಬೇಕೆಂದರೆ ಒಳ್ಳೆಯ ಉಡುಗೊರೆಯೇ. ಆದರೆ ಆ ವರ್ಷವೇ ನಾವು ಅಡುಗೆಮನೆಗೆ ಇಂಡಕ್ಷನ್ ಒಲೆ ಹಾಕಿಸಿಕೊಂಡಿದ್ದೆವು. ಇಂಡಕ್ಷನ್‌ಗೆ ಅಯಸ್ಕಾಂತ ಹಿಡಿಯುವ ಲೋಹ ಬೇಕು. ಬರೀ ಅಲ್ಯೂಮಿನಿಯಂ ಇಟ್ಟರೆ ಒಲೆ ಪೀಂ ಪೀಂ ಅಂದು ಸುಮ್ಮನಾಗುತ್ತದೆ. ಕೊಟ್ಟವರು ಮನೆಗೆ ಬಂದಾಗಲೆಲ್ಲ ‘ಹೇಗಿದೆ ಕಾಫಿ?’ ಅನ್ನುವರು. ನಾನು ‘ಚೆನ್ನಾಗಿದೆ’ ಅನ್ನುವೆ. ಆಮೇಲೆ ನಡುವೆ ಇಡುವ ಕಬ್ಬಿಣದ ತಟ್ಟೆಯೊಂದನ್ನು ತಂದೆವು. ಅದು ಕಾಯುವಷ್ಟರಲ್ಲಿ ನನ್ನ ಕಾಫಿ ಆಸೆಯೇ ತಣ್ಣಗಾಗುತ್ತಿತ್ತು.

ಅದರಲ್ಲೂ ಬಂದದ್ದು ಆರು ಕಪ್ಪಿನ ಅಳತೆ. ಮೋಕಾದ ಕಪ್ ಅಂದರೆ ಪುಟ್ಟದು, ಸುಮಾರು 50 ಮಿಲಿ. ಆದರೂ ಆರು ಅಂದರೆ 300 ಮಿಲಿ ಗಟ್ಟಿ ಕಾಫಿ. ಅರ್ಧ ಮಾಡಿಕೊಳ್ಳೋಣ ಅಂದರೆ ಆಗುವುದಿಲ್ಲ. ಪುಡಿಯ ಬುಟ್ಟಿ ತುಂಬಿರಬೇಕು, ನೀರು ಆವಿ ಬಿಡುವ ಕವಾಟದ ಕೆಳಗಿನವರೆಗೆ ಇರಬೇಕು. ಅರ್ಧ ಬುಟ್ಟಿ ಹಾಕಿದರೆ ನೀರು ಸಿಕ್ಕ ಸಂದಿಯಲ್ಲಿ ನುಗ್ಗಿ ತೆಳ್ಳಗೆ, ಕಹಿಯಾಗಿ ಬರುತ್ತದೆ. ಒಬ್ಬಳೇ ಕುಡಿಯುವವಳಿಗೆ ಒಂದು ಅಥವಾ ಎರಡು ಕಪ್ಪಿನದು ಸಾಕಿತ್ತು. ದೊಡ್ಡದು ಕೊಟ್ಟರೆ ಮರ್ಯಾದೆ ಜಾಸ್ತಿ ಅಂತ ನಮ್ಮವರ ಲೆಕ್ಕ.

ಎರಡನೆಯದು ಫ್ರೆಂಚ್ ಪ್ರೆಸ್, ಮುಚ್ಚಳದಿಂದ ಲೋಹದ ಜಾಲರಿಯನ್ನು ಕೆಳಗೆ ಒತ್ತುವ ಉದ್ದನೆಯ ಪಾತ್ರೆ. ಇದರ ಮೇಲೆ ನನಗೆ ದೂರಿಲ್ಲ. ಹೆಸರು ಫ್ರೆಂಚರದ್ದಾದರೂ 1929ರಲ್ಲಿ ಇದರ ಪೇಟೆಂಟ್ ಪಡೆದವರು ಇಟಲಿಯವರು. ತರಿಯಾದ ಪುಡಿ, ಬಿಸಿನೀರು, ನಾಲ್ಕು ನಿಮಿಷ, ಜಾಲರಿ ಒತ್ತಿದರೆ ಆಯಿತು. ಕಾಗದ ಬೇಡ, ಕರೆಂಟ್ ಬೇಡ. ಎರಡು ವರ್ಷ ದಿನಾ ಬಳಸಿದೆ. ಆಮೇಲೆ ಒಂದು ರಕ್ತ ಪರೀಕ್ಷೆಯಲ್ಲಿ ಕೊಲೆಸ್ಟ್ರಾಲ್ ಏರಿತ್ತು. ಕಾಫಿಯ ಎಣ್ಣೆಯಲ್ಲಿ ಕೆಫೆಸ್ಟಾಲ್ ಅಂತ ಒಂದಿದೆ. ಅದು ಕೆಟ್ಟ ಕೊಲೆಸ್ಟ್ರಾಲನ್ನು ಏರಿಸುತ್ತದೆ. ಲೋಹದ ಜಾಲರಿ ಅದನ್ನು ತಡೆಯುವುದಿಲ್ಲ, ಕಾಗದ ಬಹುಪಾಲು ಹಿಡಿದುಕೊಳ್ಳುತ್ತದೆ. ನನ್ನ ಕೊಲೆಸ್ಟ್ರಾಲಿಗೆ ಪ್ರೆಸ್ಸೊಂದೇ ಕಾರಣ ಅಂತ ಹೇಳಲಾರೆ, ನಾನು ತಿನ್ನುವ ಪಟ್ಟಿ ಬಹಳ ಉದ್ದವಿದೆ. ಆದರೂ ದಿನಾ ಕುಡಿಯುವುದನ್ನು ಕಾಗದಕ್ಕೆ ಬದಲಾಯಿಸಿದೆ. ಪ್ರೆಸ್ ನೆಂಟರು ಬಂದಾಗ ಹೊರಬರುತ್ತದೆ.

ಇನ್ನು ಸೈಫನ್ ಕಥೆ. ನಿಮಗೆ ಜಾಗ ಕಡಿಮೆ ಬಿದ್ದರೆ ಇದನ್ನು ಕತ್ತರಿಸಿ, ಗ್ರೈಂಡರ್ ಭಾಗ ಮಾತ್ರ ಮುಟ್ಟಬೇಡಿ. ನನ್ನ ನಿವೃತ್ತಿಗೆ ಡಿಪಾರ್ಟ್‌ಮೆಂಟಿನವರೆಲ್ಲ ಸೇರಿ ಸೈಫನ್ ಕೊಟ್ಟರು. ಕೆಳಗೊಂದು ಗಾಜಿನ ಬುರುಡೆ, ಮೇಲೊಂದು ಗಾಜಿನ ಪಾತ್ರೆ, ನಡುವೆ ಬಟ್ಟೆಯ ಫಿಲ್ಟರ್, ಅಡಿಯಲ್ಲಿ ಸ್ಪಿರಿಟ್ ದೀಪ. 31 ವರ್ಷ ಫ್ಲಾಸ್ಕು ತೊಳೆದವಳಿಗೆ ಬಿಡುಗಡೆಯ ದಿನ ಇನ್ನೊಂದು ಫ್ಲಾಸ್ಕು! ಅವರ ಪ್ರೀತಿ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ನೋಡಲು ಅದರಷ್ಟು ಚೆಂದದ್ದು ಬೇರೆ ಇಲ್ಲ. ಕೆಳಗೆ ನೀರು ಕಾದು ಆವಿ ಒತ್ತಿದಾಗ ಬಿಸಿನೀರೆಲ್ಲ ಮೇಲೇರಿ ಪುಡಿಯೊಂದಿಗೆ ಕಲೆಯುತ್ತದೆ. ದೀಪ ತೆಗೆದೊಡನೆ ಕೆಳಗಿನ ಆವಿ ತಣಿದು ನೀರಾಗುತ್ತದೆ, ಒತ್ತಡ ಇಳಿಯುತ್ತದೆ, ಮೇಲಿನ ಕಾಫಿಯನ್ನು ಬಟ್ಟೆಯ ಮೂಲಕ ಸರ್ರನೆ ಕೆಳಗೆಳೆದುಕೊಳ್ಳುತ್ತದೆ. ಮೊದಲ ಸಲ ಮಾಡಿದಾಗ ಮನೆಯವರು ಕೂಡ ಪೇಪರ್ ಕೆಳಗಿಟ್ಟು ನೋಡಿದರು.

ಮೂರು ಸಲ ಮಾಡಿದೆ. ಪ್ರತಿ ಸಲವೂ ತೊಳೆಯಲು ಕಾಲು ಗಂಟೆ. ಬಟ್ಟೆಯ ಫಿಲ್ಟರ್ ಒಣಗಲು ಬಿಟ್ಟರೆ ಅದರೊಳಗಿನ ಕಾಫಿ ಎಣ್ಣೆ ಕಮಟುತ್ತದೆ, ಮುಂದಿನ ಸಲ ಕಾಫಿಗೂ ಆ ವಾಸನೆ. ಹಾಗಾಗದಿರಲು ಅದನ್ನು ನೀರಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಡಬೇಕು. ಒಂದು ದಿನ ಮನೆಯವರು ಆ ಡಬ್ಬಿ ತೆಗೆದು ‘ಇದೇನಿದು ಕೊಳಕು ನೀರು?’ ಅಂತ ಸಿಂಕಿಗೆ ಸುರಿದರು. ಬಟ್ಟೆಯೂ ಕಸದ ಬುಟ್ಟಿ ಸೇರಿತು. ಸೈಫನ್ ಅಟ್ಟ ಸೇರಿತು. ಯಾರಿಗಾದರೂ ಏನಾದರೂ ಕೊಡುವ ಮೊದಲು ‘ಇದನ್ನು ತೊಳೆಯುವವರು ಯಾರು?’ ಅಂತ ಒಂದು ಸಲ ಕೇಳಿಕೊಳ್ಳಿ, ಅರ್ಧ ಪಟ್ಟಿ ಅಲ್ಲೇ ಅಳಿಸಿಹೋಗುತ್ತದೆ.

ನಾಲ್ಕನೆಯದು ಕೆಮೆಕ್ಸ್. ಇದು ನನ್ನ ತಂಗಿ ಕೊಟ್ಟದ್ದು, ತುಂಬ ಯೋಚನೆ ಮಾಡಿಯೇ ಕೊಟ್ಟಿದ್ದಳು. ಪೀಟರ್ ಶ್ಲುಂಬೋಮ್ ಎಂಬ ಕೆಮಿಸ್ಟ್ 1941ರಲ್ಲಿ ಮಾಡಿದ್ದು ಇದು. ಜರ್ಮನಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವರು. ಲ್ಯಾಬಿನಲ್ಲಿ ದಿನಾ ಕೈಗೆ ಸಿಗುವ ಕೋನಿಕಲ್ ಫ್ಲಾಸ್ಕನ್ನೂ ಗಾಜಿನ ಆಲಿಕೆಯನ್ನೂ ಒಂದಕ್ಕೊಂದು ಅಂಟಿಸಿದಂತಿದೆ. ಸೊಂಟಕ್ಕೆ ಮರದ ಪಟ್ಟಿ, ಚರ್ಮದ ದಾರ. ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂನಲ್ಲೂ ಇದನ್ನು ಇಟ್ಟಿದ್ದಾರೆ. ಇದರ ಕಾಫಿ ಕನ್ನಡಿಯ ಹಾಗೆ ತಿಳಿ. ನನಗೆ ಇಷ್ಟವಾಯಿತು. ತೊಂದರೆ ಏನೆಂದರೆ ಇದಕ್ಕೆ ಇದರದೇ ದಪ್ಪ ಕಾಗದ ಬೇಕು. ಪೆಟ್ಟಿಗೆಯೊಂದಿಗೆ ಬಂದ ಕಾಗದ ಮೂರು ತಿಂಗಳಿಗೆ ಮುಗಿಯಿತು. ಹೊಸದು ತರಿಸುವುದು ಇವತ್ತು ನಾಳೆ ಅಂತ ಆಗಿ, ಕೊನೆಗೆ ತಂಗಿ ಬಂದಾಗ ಅದರಲ್ಲಿ ಮನಿಪ್ಲಾಂಟ್ ಬೇರು ಬಿಟ್ಟಿತ್ತು. ಅವಳು ಏನೂ ಅನ್ನಲಿಲ್ಲ. ಆದರೆ ಆ ದಿನ ಊಟಕ್ಕೆ ಕೂತಾಗ ಎರಡನೇ ಸಲ ಬಡಿಸಲು ಬಿಡಲಿಲ್ಲ.

ಇದೆಲ್ಲ ಆದಮೇಲೆ ಅರವತ್ತನೇ ಹುಟ್ಟುಹಬ್ಬಕ್ಕೆ ನನ್ನ ತಮ್ಮನ ಮುಂದಾಳ್ತನದಲ್ಲಿ ಎಲ್ಲರೂ ದುಡ್ಡು ಹಾಕಿ ಎಸ್ಪ್ರೆಸೊ ಯಂತ್ರ ತಂದರು, ಬಿಸಿನೀರನ್ನು ಒತ್ತಡದಲ್ಲಿ ಪುಡಿಯೊಳಗೆ ಹಾಯಿಸಿ ಗಟ್ಟಿ ಕಾಫಿ ಇಳಿಸುವಂಥದ್ದು. ನಿಮ್ಮ ಪಟ್ಟಿಯಲ್ಲೂ ಮೊದಲ ಜಾಗ ಅದಕ್ಕೇ ಕೊಟ್ಟಿದ್ದೀರಿ. ಮಿಕ್ಸಿ ಇಡುವ ಜಾಗ ಹೋಯಿತು, ಪರವಾಗಿಲ್ಲ. ಅಂಗಡಿಯಿಂದ ತಂದ ರೆಡಿ ಪುಡಿ ಹಾಕಿ ಗುಂಡಿ ಒತ್ತಿದೆ. 25ರಿಂದ 30 ಸೆಕೆಂಡಿನಲ್ಲಿ ಜೇನಿನ ಹಾಗೆ ದಾರವಾಗಿ ಇಳಿಯಬೇಕು ಅಂತ ಪುಸ್ತಕದಲ್ಲಿತ್ತು. ಎಂಟು ಸೆಕೆಂಡಿಗೆ ನಲ್ಲಿ ಬಿಟ್ಟ ಹಾಗೆ ಸುರಿದು ಮುಗಿಯಿತು. ಹುಳಿ ನೀರು. ಪುಡಿ ಜಾಸ್ತಿ ಹಾಕಿದೆ, ಗಟ್ಟಿಯಾಗಿ ಒತ್ತಿದೆ, ದೇವರಿಗೆ ಕೈ ಮುಗಿದೆ. ಅದೇ ಹುಳಿ ನೀರು. ಯಂತ್ರ ಕೆಟ್ಟಿದೆ ಅಂತ ರಿಪೇರಿಯ ಹುಡುಗನನ್ನು ಕರೆಸಿದೆವು. ಅವನು ಬಂದು, ನೋಡಿ, ನನ್ನ ಪುಡಿಯನ್ನು ಎರಡು ಬೆರಳಲ್ಲಿ ಉಜ್ಜಿ, ‘ಯಂತ್ರ ಸರಿ ಇದೆ ಮೇಡಂ, ಪುಡಿ ಸರಿ ಇಲ್ಲ’ ಅಂದ.

ಸಂಪಾದಕರೇ, 31 ವರ್ಷ ಲ್ಯಾಬಿನಲ್ಲಿದ್ದವಳಿಗೆ ಇದು ಹೊಳೆಯಬೇಕಿತ್ತು. ಹರಳುಪ್ಪು ನಿಧಾನಕ್ಕೆ ಕರಗುತ್ತದೆ, ಪುಡಿ ಉಪ್ಪು ಬೇಗ ಕರಗುತ್ತದೆ ಅಂತ ಪಿಯುಸಿ ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಕಾಫಿ ಮಾಡುವುದೂ ಅದೇ ಕೆಲಸ, ಪುಡಿಯಿಂದ ರುಚಿಯನ್ನು ನೀರಿಗೆ ಇಳಿಸುವುದು. ಹುರಿದ ಬೀಜದಲ್ಲಿ ನೀರಿಗೆ ಕರಗುವ ಅಂಶ ತೂಕದ ಸುಮಾರು ನೂರಕ್ಕೆ 30 ಇರುತ್ತದೆ. ಅಷ್ಟನ್ನೂ ಹಿಂಡಿ ತೆಗೆದರೆ ಕುಡಿಯಲಾಗದಷ್ಟು ಕಹಿ. 1950ರ ದಶಕದಲ್ಲಿ ಅಮೆರಿಕದ ಎಂಐಟಿ ಎಂಬ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಅರ್ನೆಸ್ಟ್ ಲಾಕ್‌ಹಾರ್ಟ್ ಎಂಬ ವಿಜ್ಞಾನಿ ಇದನ್ನು ಅಳೆದು ಒಂದು ನಕ್ಷೆ ಮಾಡಿದರು. ಪುಡಿಯ ತೂಕದಲ್ಲಿ ನೂರಕ್ಕೆ 18ರಿಂದ 22ರಷ್ಟು ನೀರಿಗೆ ಇಳಿದರೆ ಹದ, ಕಡಿಮೆಯಾದರೆ ಹುಳಿ ಮತ್ತು ಸಪ್ಪೆ, ಜಾಸ್ತಿಯಾದರೆ ಕಹಿ. ಇವತ್ತಿಗೂ ಕಾಫಿಯವರು ಆ ನಕ್ಷೆಯನ್ನು ಮುಂದಿಟ್ಟುಕೊಂಡೇ ಮಾತಾಡುತ್ತಾರೆ.

ಆ ಹದ ಸಿಗಬೇಕಾದರೆ ಪುಡಿಯ ಕಣಗಳು ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿರಬೇಕು. ಜೊತೆಗೆ ಆ ಗಾತ್ರ ನಾವು ಬಳಸುವ ಸಾಮಾನಿಗೆ ಹೊಂದಬೇಕು. ನಾಲ್ಕು ನಿಮಿಷ ನೆನೆಸುವ ಪ್ರೆಸ್ಸಿಗೆ ತರಿ, ಅರ್ಧ ನಿಮಿಷದಲ್ಲಿ 9 ಬಾರ್ (ಸುತ್ತಲಿನ ಗಾಳಿಯ ಸುಮಾರು ಒಂಬತ್ತು ಪಟ್ಟು) ಒತ್ತಡದಲ್ಲಿ ಹಾಯಿಸುವ ಎಸ್ಪ್ರೆಸೊಗೆ ಬಹಳ ನುಣ್ಣಗೆ, ಕಾಗದದಲ್ಲಿ ಸೋಸುವುದಕ್ಕೆ ಇವೆರಡರ ನಡುವೆ. ಒಂದೇ ಪೊಟ್ಟಣದ ಪುಡಿ ಎಲ್ಲದಕ್ಕೂ ಹೇಗೆ ಹೊಂದೀತು? ಆರು ಜನ ಸೇರಿ ದುಬಾರಿ ಯಂತ್ರ ತಂದರು, ಅದು ಓಡಲು ಬೇಕಾದ ಪುಡಿ ಮಾಡುವ ಸಾಧನ ತರಲಿಲ್ಲ. ಗಾಡಿ ಕೊಟ್ಟು ಚಕ್ರ ಮರೆತ ಹಾಗೆ.

ಈ ಕಥೆ ಕೇಳಿ ನಕ್ಕವನು ತಮ್ಮನ ಮಗ ಒಬ್ಬನೇ. ಓದಲು ಹಾಸ್ಟೆಲಿನಲ್ಲಿದ್ದಾನೆ. ಅವನ ಬಳಿ ಒಂದು ಏರೋಪ್ರೆಸ್ ಇದೆ. ಪ್ಲಾಸ್ಟಿಕ್ಕಿನ ದೊಡ್ಡ ಸಿರಿಂಜಿನಂಥದ್ದು. ದೂರ ಹಾರುವ ಬಳೆಯಂಥ ಆಟಿಕೆ ಮಾಡಿದ ಅಮೆರಿಕದ ಅಲನ್ ಆಡ್ಲರ್ 2005ರಲ್ಲಿ ತಂದದ್ದು. ಬಿದ್ದರೆ ಒಡೆಯುವುದಿಲ್ಲ, ಚರಟವನ್ನು ಬಿಲ್ಲೆಯ ಹಾಗೆ ಡಬ್ಬಿಗೆ ತಳ್ಳಿದರೆ ತೊಳೆಯುವ ಕೆಲಸ ಮುಗಿಯಿತು. ಹಾಸ್ಟೆಲಿನ ಹುಡುಗರಿಗೆ ಹೇಳಿ ಮಾಡಿಸಿದ ಸಾಮಾನು. ಅವನು ಮುಂದಿನ ರಜೆಗೆ ಬಂದಾಗ ಒಂದು ಉದ್ದನೆಯ ಡಬ್ಬಿ ಕೈಗಿಟ್ಟು ‘ಅತ್ತೆ, ಇದನ್ನ ತಿರುಗ್ಸಿ ನೋಡಿ, ಆಮೇಲೆ ಮಾತಾಡೋಣ’ ಅಂದ. ಕೈಯಲ್ಲಿ ತಿರುಗಿಸುವ ಗ್ರೈಂಡರ್. ಒಳಗೆ ಹಲ್ಲಿನ ಉಕ್ಕಿನ ಎರಡು ಭಾಗಗಳು. ಬೀಜ ಅವುಗಳ ನಡುವಿನ ಸಂದಿಯಲ್ಲಿ ಅರೆದು ಬೀಳುತ್ತದೆ. ಸಂದಿ ಎಷ್ಟಿರಬೇಕು ಅಂತ ತಿರುಪಿ ಹೊಂದಿಸಬಹುದು. ಇಂಥ ಹಲ್ಲುಗಳಿಗೆ ಬರ್ ಅನ್ನುತ್ತಾರೆ. ಕೊಳ್ಳುವಾಗ ಈ ಪದ ಕೇಳಿಕೊಂಡರೆ ಸಾಕು.

ನನಗೆ ನಂಬಿಕೆ ಬರಲಿಲ್ಲ. ಮಿಕ್ಸಿಯಲ್ಲೂ ಪುಡಿಯಾಗುತ್ತದಲ್ಲ, ಇದರಲ್ಲೇನು ವಿಶೇಷ? ಹಳೇ ಚಾಳಿ, ಪರೀಕ್ಷೆ ಮಾಡಿದೆ. 20 ಗ್ರಾಂ ಬೀಜ ಮಿಕ್ಸಿಯಲ್ಲಿ, 20 ಗ್ರಾಂ ಗ್ರೈಂಡರಿನಲ್ಲಿ. ಎರಡನ್ನೂ ಒಂದೇ ಟೀ ಜರಡಿಯಲ್ಲಿ, ಎಣಿಸಿ ಐವತ್ತು ಸಲ ಅಲ್ಲಾಡಿಸಿದೆ. ಮಿಕ್ಸಿಯದರಲ್ಲಿ ಮೇಲೆ ಕಾಲು ಬೀಜದಷ್ಟು ದೊಡ್ಡ ಚೂರುಗಳು, ಕೆಳಗೆ ಮುಖಕ್ಕೆ ಹಚ್ಚುವ ಪೌಡರಿನಂಥ ಧೂಳು. ಗ್ರೈಂಡರಿನದು ಸಕ್ಕರೆ ಸುರಿದ ಹಾಗೆ ಒಂದೇ ಸಮ. ಬ್ಲೇಡ್ ಬೀಜವನ್ನು ಬಡಿದು ಒಡೆಯುತ್ತದೆ. ಬ್ಲೇಡಿಗೆ ಸಿಕ್ಕಿದ್ದು ಮತ್ತೆ ಮತ್ತೆ ಸಿಕ್ಕಿ ಧೂಳಾಗುತ್ತದೆ, ತಪ್ಪಿಸಿಕೊಂಡದ್ದು ಚೂರಾಗಿಯೇ ಉಳಿಯುತ್ತದೆ. ಧೂಳು ಕಹಿ ಬಿಡುತ್ತದೆ, ಚೂರು ಹುಳಿ ಬಿಡುತ್ತದೆ. ಒಂದೇ ಲೋಟದಲ್ಲಿ ಎರಡು ತಪ್ಪು. ಇಷ್ಟು ವರ್ಷ ಆ ಲೋಟ ಹಿಡಿದುಕೊಂಡು ನಾನು ಬೀಜವನ್ನು ಬೈಯುತ್ತಿದ್ದೆ!

ಅದೇ ವಾರ ಫ್ರೆಂಚ್ ಪ್ರೆಸ್ ಕೂಡ ಬದಲಾಯಿತು. ತಳದ ಗಸಿ ಕಡಿಮೆಯಾಯಿತು. ಹಳೆಯ ಪಾತ್ರೆ, ಹಳೆಯ ನೀರು, ಹಳೆಯ ನಾನು. ಪುಡಿ ಮಾತ್ರ ಹೊಸದು. ನಾನು ಹೇಳಬೇಕೆಂದಿರುವುದು ಇಷ್ಟೇ. ಗ್ರೈಂಡರ್ ಮನೆಯಲ್ಲಿರುವ ಯಾವ ಸಾಮಾನನ್ನೂ ಮೂಲೆಗೆ ತಳ್ಳುವುದಿಲ್ಲ, ಇರುವುದನ್ನೆಲ್ಲ ಚೆನ್ನಾಗಿ ಮಾಡುತ್ತದೆ. ಊಟ ತಿಂಡಿಯ ಹುಚ್ಚಿರುವವರ ಮನೆಯಲ್ಲಿ ಕಾಫಿ ಮಾಡುವ ಒಂದು ವಿಧಾನ ಆಗಲೇ ಇರುತ್ತದೆ, ಅದರ ಮೇಲೆ ಅವರಿಗೆ ಹಟವೂ ಇರುತ್ತದೆ. ಹೊಸ ಪಾತ್ರೆ ಕೊಟ್ಟರೆ ‘ನಿನ್ನ ಕಾಫಿ ಬಿಡು, ಇದು ಮಾಡಿಕೋ’ ಅಂದ ಹಾಗೆ. ಗ್ರೈಂಡರ್ ಕೊಟ್ಟರೆ ಯಾರ ಹಟಕ್ಕೂ ಪೆಟ್ಟಿಲ್ಲ.

ಇನ್ನೊಂದು ಲಾಭ, ವಾಸನೆ. ಪುಡಿ ಮಾಡಿದ ಕ್ಷಣದಿಂದ ಕಾಫಿಯ ಪರಿಮಳ ಗಾಳಿಗೆ ಹೋಗುತ್ತಿರುತ್ತದೆ. ಅಡುಗೆಮನೆಯೆಲ್ಲ ಘಂ ಅಂದರೆ, ಅಷ್ಟು ಲೋಟದಲ್ಲಿ ಕಡಿಮೆ ಅಂತಲೇ ಅರ್ಥ. ಇಡೀ ಬೀಜ ಮುಚ್ಚಿಟ್ಟರೆ ವಾರಗಟ್ಟಲೆ ತಾಳುತ್ತದೆ, ಪುಡಿ ಬಹಳ ಬೇಗ ಸೋಲುತ್ತದೆ. ತಾಜಾ ಪುಡಿಗೆ ಮೊದಲು ಸ್ವಲ್ಪ ಬಿಸಿನೀರು ಹಾಕಿ ನೋಡಿ. ನೊರೆಗಟ್ಟಿ ಉಬ್ಬುತ್ತದೆ. ಹುರಿಯುವಾಗ ಬೀಜದೊಳಗೆ ಸಿಕ್ಕಿಕೊಂಡ ಇಂಗಾಲದ ಡೈಆಕ್ಸೈಡ್ ಹೊರಗೆ ಬರುವುದು ಅದು. ಹಳೇ ಪುಡಿ ಮಿಸುಕುವುದಿಲ್ಲ.

ಗ್ರೈಂಡರಿಗೂ ಅದರದೇ ರಗಳೆಗಳಿವೆ, ಮುಚ್ಚಿಡುವುದಿಲ್ಲ. ಕೈಗ್ರೈಂಡರಿನಲ್ಲಿ 15 ಗ್ರಾಂ ಬೀಜಕ್ಕೆ ನನಗೆ ಒಂದು ನಿಮಿಷ ಸಾಕು. ಎಸ್ಪ್ರೆಸೊಗೆ ಬೇಕಾದಷ್ಟು ನುಣ್ಣಗೆ ಮಾಡಲು ಹೋದರೆ ಮೂರು ನಿಮಿಷ, ತೋಳು ಬೇರೆ ನೋಯುತ್ತದೆ. ಕೀಲುನೋವಿನವರಿಗೆ ದಯವಿಟ್ಟು ಕೈಯದು ಕೊಡಬೇಡಿ, ಕರೆಂಟಿನದು ಕೊಡಿ. ಕರೆಂಟಿನದರಲ್ಲೂ ಬ್ಲೇಡಿನದು ಬೇಡ, ಬರ್ ಇರುವುದೇ ಇರಲಿ. ಆದರೆ ಅದು ಸದ್ದು ಮಾಡುತ್ತದೆ. ನಾನು ಬೆಳಗ್ಗೆ ಐದೂವರೆಗೆ ಏಳುವವಳು, ಮನೆಯವರು ಏಳೂವರೆಗೆ. ನಮ್ಮ ಸಂಸಾರ ಚೆನ್ನಾಗಿರುವುದಕ್ಕೆ ಆ ಕೈಗ್ರೈಂಡರೂ ಒಂದು ಕಾರಣ.

ಪುಡಿ ಸ್ಥಿರ ವಿದ್ಯುತ್ತಿನಿಂದ ಡಬ್ಬಿಗೆಲ್ಲ ಅಂಟಿಕೊಳ್ಳುವುದು ಇನ್ನೊಂದು ಕಿರಿಕಿರಿ. ಬೀಜ ಅರೆಯುವ ಮೊದಲು ಒಂದು ಹನಿ ನೀರು ಚಿಮುಕಿಸಿದರೆ ಅದು ಎಷ್ಟೋ ಕಡಿಮೆಯಾಗುತ್ತದೆ. ಕಾಫಿ ಹುಚ್ಚರು ಇದನ್ನು ಮೊದಲಿನಿಂದಲೂ ಮಾಡುತ್ತಿದ್ದರು. 2023ರಲ್ಲಿ ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದವರು ಅಳತೆ ಮಾಡಿ ಹೌದು ಅಂತ ತೋರಿಸಿದರು. ಚಮಚದ ಹಿಂಬದಿಯನ್ನು ಒದ್ದೆ ಮಾಡಿ ಬೀಜದಲ್ಲಿ ಒಮ್ಮೆ ಆಡಿಸಿದರೆ ಸಾಕು, ಇದಕ್ಕೆ ಸ್ಪ್ರೇ ಬಾಟಲ್ ಬೇರೆ ಮಾರುವವರಿದ್ದಾರೆ, ಸುಮ್ನೆ ದುಡ್ಡು ದಂಡ.

ಮನೆಯಲ್ಲಿ ಆಗಲೇ ಗ್ರೈಂಡರ್ ಇದ್ದರೆ ಏನು ಕೊಡುವುದು ಅಂತ ಕೇಳುತ್ತೀರಿ. ನನ್ನನ್ನು ಕೇಳಿದರೆ ತೂಕದ ಯಂತ್ರ. ಗ್ರಾಮಿನ ಹತ್ತನೇ ಒಂದು ಭಾಗ ತೋರಿಸುವಂಥದ್ದು, ಮೇಲೆ ಸಮಯವೂ ಕಾಣುವಂತಿದ್ದರೆ ಇನ್ನೂ ಒಳ್ಳೆಯದು. ಚಮಚದ ಲೆಕ್ಕ ನಂಬಬೇಡಿ. ಕಪ್ಪಗೆ ಹುರಿದ ಬೀಜ ಉಬ್ಬಿ ಹಗುರವಾಗಿರುತ್ತದೆ, ತಿಳಿಯಾಗಿ ಹುರಿದದ್ದು ಭಾರ. ಒಂದೇ ಚಮಚ, ತೂಕ ಬೇರೆ ಬೇರೆ. ನನ್ನ ಲೆಕ್ಕ 15 ಗ್ರಾಂ ಪುಡಿಗೆ 250 ಗ್ರಾಂ ನೀರು. ನೀರನ್ನೂ ತೂಗುತ್ತೇನೆ, ನಗಬೇಡಿ. ಬಿಸಿ 90ರಿಂದ 96 ಡಿಗ್ರಿ ನಡುವೆ ಇರಲಿ ಅಂತ ತಿಳಿದವರು ಹೇಳುತ್ತಾರೆ. ನಾನು ಥರ್ಮಾಮೀಟರ್ ಇಟ್ಟುಕೊಂಡಿಲ್ಲ. ಕುದಿ ನಿಂತು ಅರ್ಧ ನಿಮಿಷ ಬಿಟ್ಟು ಹುಯ್ಯುತ್ತೇನೆ.

ಸೋಸುವುದಕ್ಕೆ ನಾನೇ ಕೊಂಡದ್ದು ಪಿಂಗಾಣಿಯ ವಿ-60. ಶಂಕುವಿನ ಆಕಾರ, 60 ಡಿಗ್ರಿ ಕೋನ, ಹೆಸರು ಬಂದಿರುವುದೂ ಅದರಿಂದಲೇ. ಒಳಗೆ ಸುರುಳಿ ಗೆರೆಗಳು, ತಳದಲ್ಲಿ ಒಂದು ದೊಡ್ಡ ತೂತು. ಇದನ್ನು ಮಾಡುವ ಜಪಾನಿನ ಹರಿಯೊ ಕಂಪನಿ 1921ರಲ್ಲಿ ಶುರುವಾದದ್ದು ಲ್ಯಾಬಿನ ಗಾಜಿನ ಸಾಮಾನು ಮಾಡುತ್ತ ಅಂತ ತಿಳಿದಾಗ ನನಗೆ ತವರಿನವರು ಸಿಕ್ಕಿದಷ್ಟು ಖುಷಿಯಾಯಿತು. ಕಾಗದದಲ್ಲಿ ಸೋಸುವ ಉಪಾಯ ಅದಕ್ಕಿಂತ ಹಳೆಯದು. ಜರ್ಮನಿಯ ಡ್ರೆಸ್ಡನ್ನಿನ ಮೆಲಿಟಾ ಬೆಂಟ್ಸ್ ಎಂಬ ಗೃಹಿಣಿ ಕಾಫಿಯ ಚರಟ ಬಾಯಿಗೆ ಸಿಗುವುದಕ್ಕೆ ಬೇಸತ್ತರು. ಹಿತ್ತಾಳೆ ಪಾತ್ರೆಯ ತಳಕ್ಕೆ ಮೊಳೆಯಿಂದ ತೂತು ಹೊಡೆದರು. ಮಗನ ನೋಟುಬುಕ್ಕಿನ ಶಾಯಿ ಹೀರುವ ಕಾಗದ ಹರಿದು ಒಳಗಿಟ್ಟರು. 1908ರಲ್ಲಿ ಪೇಟೆಂಟನ್ನೂ ಪಡೆದರು. ಆ ಮಗ ಮಾರನೇ ದಿನ ಸ್ಕೂಲಿನಲ್ಲಿ ಏನು ಹೇಳಿದನೋ ಪಾಪ.

ಒಂದು ಮಾತು ಮಾತ್ರ ಹೇಳಲೇಬೇಕು. ಹಾಲು ಹಾಕಿ ಕುಡಿಯುವವರಿಗೆ ವಿ-60, ಕೆಮೆಕ್ಸ್ ಕೊಟ್ಟು ಪ್ರಯೋಜನವಿಲ್ಲ. ಆ ತಿಳಿ ಕಾಫಿಗೆ ಹಾಲು ಬಿದ್ದರೆ ಹಾಲೇ ಗೆಲ್ಲುತ್ತದೆ. ಅಂಥವರಿಗೆ ಗಟ್ಟಿಯಾಗಿ ಇಳಿಯುವ ಮೋಕಾನೋ ಏರೋಪ್ರೆಸ್ಸೋ ಸರಿ. ಮೋಕಾ ಆದರೆ ಒಲೆ ಯಾವುದು ಅಂತ ನೋಡಿಕೊಳ್ಳಿ. ಇಂಡಕ್ಷನ್ನಿಗೆ ಆಗುವಂಥ ಸ್ಟೀಲಿನವೂ ಸಿಗುತ್ತವೆ. ಇನ್ನು ಬೀಜ ಅರೆಯುವ ತಾಳ್ಮೆಯೇ ಇಲ್ಲದವರು, ಪುಡಿ ತಂದೇ ಕುಡಿಯುವವರು ಇರುತ್ತಾರೆ. ಅವರನ್ನು ಬದಲಾಯಿಸಲು ಹೋಗಬೇಡಿ, ಫ್ರೆಂಚ್ ಪ್ರೆಸ್ ಕೊಡಿ. ಪುಡಿ ಸ್ವಲ್ಪ ಹೆಚ್ಚುಕಡಿಮೆ ಆದರೂ ಅದು ಸಹಿಸಿಕೊಳ್ಳುತ್ತದೆ. ಯಾವುದೂ ತಿಳಿಯದಿದ್ದರೆ ಅವರ ಅಡುಗೆಮನೆಗೆ ಹೋಗಿ ಒಂದು ಲೋಟ ಕಾಫಿ ಕೇಳಿ. ಡಬ್ಬಿಯಲ್ಲಿ ಬೀಜ ಇದೆಯೋ ಪುಡಿಯೋ, ಎಷ್ಟು ಲೋಟ ಮಾಡುತ್ತಾರೆ, ಸಿಂಕಿನಲ್ಲಿ ಎಷ್ಟು ಪಾತ್ರೆ ಬಿದ್ದಿವೆ, ಎಲ್ಲ ಕಾಣುತ್ತದೆ. ಕಾಫಿಯೂ ಸಿಗುತ್ತದೆ.

ಎಸ್ಪ್ರೆಸೊ ಯಂತ್ರ ಏನಾಯಿತು ಅಂತ ಕೇಳುವವರಿಗೆ, ಅದು ಈಗ ತಮ್ಮನ ಮನೆಯಲ್ಲೇ ಇದೆ. ಅವನಿಗೆ ಹೊಂದಿಸಿ ತಿರುಪಿ ಕೂರುವುದು ಇಷ್ಟ, ಜೊತೆಗೆ ಅದಕ್ಕೆ ಸರಿಯಾದ ಗ್ರೈಂಡರನ್ನೂ ಕೊಂಡಿದ್ದಾನೆ. ಹಾಲು ನೊರೆ ಮಾಡುವ ಕೊಳವೆಯನ್ನು ಪ್ರತಿ ಸಲ ಒರೆಸುತ್ತಾನೆ, ನೀರಿನ ಸುಣ್ಣ ಕಟ್ಟದಂತೆ ಆಗಾಗ ತೊಳೆಯುತ್ತಾನೆ. ಅಷ್ಟು ಸೇವೆ ಮಾಡುವವರಿಗೆ ಆ ಯಂತ್ರ ಚೆನ್ನಾಗಿಯೇ ಕಾಫಿ ಕೊಡುತ್ತದೆ, ನಾನೇ ಕುಡಿದಿದ್ದೇನೆ. ಸೈಫನ್ನನ್ನು ತಂಗಿಯ ಮಗಳು ಕೇಳಿ ಒಯ್ದಳು. ಅವಳು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಕಾಫಿ ಪುಡಿಯ ಬದಲು ಬಣ್ಣದ ನೀರು ಹಾಕಿ ಆವಿಯ ಒತ್ತಡದ ಪಾಠ ಮಾಡುತ್ತಾಳಂತೆ. ‘ದೊಡ್ಡಮ್ಮ, ಮಕ್ಕಳು ಚಪ್ಪಾಳೆ ತಟ್ಟಿದ್ರು’ ಅಂತ ಫೋನ್ ಮಾಡಿದ್ದಳು. ಕೆಮೆಕ್ಸಿನ ಮನಿಪ್ಲಾಂಟನ್ನು ಕುಂಡಕ್ಕೆ ಬದಲಾಯಿಸಿ, ಕಾಗದ ತರಿಸಿ, ತಂಗಿ ಬಂದಾಗ ಅದರಲ್ಲೇ ಕಾಫಿ ಮಾಡಿಕೊಟ್ಟೆ. ಈಗ ಎರಡನೇ ಸಲ ಬಡಿಸಿಕೊಳ್ಳುತ್ತಾಳೆ.

ಕೊನೆಗೆ ಒಂದು ಕೋರಿಕೆ. ಮುಂದಿನ ತಿಂಗಳು ನನಗೆ 63 ತುಂಬುತ್ತದೆ. ನಿಮ್ಮ ಭಾನುವಾರದ ಪಟ್ಟಿಯನ್ನು ತಮ್ಮ ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಂಡಿದ್ದಾನೆ ಅಂತ ಅವನ ಹೆಂಡತಿ ಗುಟ್ಟಾಗಿ ಹೇಳಿದಳು. ಅವನು ನಿಮ್ಮ ವಾಚಕರ ಪತ್ರಗಳನ್ನು ಒಂದು ದಿನವೂ ಬಿಡದೆ ಓದುತ್ತಾನೆ. ಆದ್ದರಿಂದ ಈ ಪತ್ರವನ್ನು ಆದಷ್ಟು ಬೇಗ ಪ್ರಕಟಿಸಬೇಕು. ಸಾಧ್ಯವಾದರೆ ಮುಂದಿನ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಿ.

ತಮ್ಮಾ, ನನ್ನ ವಿ-60ಯ ಕಾಗದ ಮುಗಿದಿದೆ. ಶಂಕುವಿನ ಆಕಾರದ್ದು, 02 ಅಳತೆ, ಎರಡು ಕಟ್ಟು.

ಇಂತಿ,
ನಿವೃತ್ತ ಲ್ಯಾಬ್ ಸಹಾಯಕಿ, ನಿಮ್ಮ ಹಳೆಯ ಓದುಗಾರ್ತಿ